ಬೆನ್ನುಹುರಿಯ ಕ್ಷಯ: ರಕ್ತ ಹೇಳುವುದೆಷ್ಟು, ಚಿತ್ರ ಹೇಳುವುದೆಷ್ಟು

ಕ್ಷಯವೆಂದೊಡನೆ ನಮ್ಮ ಜನರ ಕಣ್ಣಿಗೆ ಕಟ್ಟುವುದು ಕೆಮ್ಮು, ಕಫ, ಕಫದಲ್ಲಿ ರಕ್ತ, ಸೊರಗಿದ ಎದೆ. ಬೆನ್ನುನೋವೆಂದರೆ ಬೇರೆಯೇ ಲೆಕ್ಕ. ನೀರಿನ ಕೊಡ ಎತ್ತಿದ್ದು, ಬಸ್ಸಿನ ಕುಲುಕಾಟ, ವಯಸ್ಸು, ವಾಯು, ಇವುಗಳಲ್ಲಿ ಯಾವುದಾದರೊಂದರ ತಲೆಗೆ ಕಟ್ಟಿ, ಬಿಸಿನೀರು ಹುಯ್ದುಕೊಂಡು, ಎಣ್ಣೆ ತಿಕ್ಕಿಸಿಕೊಂಡು ಸುಮ್ಮನಾಗುವುದು ರೂಢಿ. ಬಹುಪಾಲು ಬೆನ್ನುನೋವುಗಳು ಅಷ್ಟಕ್ಕೇ ವಾಸಿಯೂ ಆಗುತ್ತವೆ. ಆದುದರಿಂದ ಆ ರೂಢಿಯನ್ನು ನಾನು ಹಳಿಯಲಾರೆ. ಆದರೆ ಈ ದೊಡ್ಡ ಗುಂಪಿನ ನಡುವೆ ಗುರುತು ಸಿಕ್ಕದಂತೆ ನುಸುಳಿ ಬರುವ ಒಂದು ನೋವುಂಟು. ಅದು ತಿಂಗಳುಗಟ್ಟಲೆ ಮಂದವಾಗಿ ಕಾಡುತ್ತದೆ, ರಾತ್ರಿ ಹೆಚ್ಚುತ್ತದೆ, ಮಲಗಿದರೂ ಬಿಡುವುದಿಲ್ಲ. ಸಂಜೆಯ ಹೊತ್ತಿಗೆ ಮೈ ಸ್ವಲ್ಪ ಬಿಸಿಯಾಗುತ್ತದೆ, ಊಟ ರುಚಿಸುವುದಿಲ್ಲ, ಬಟ್ಟೆ ಸಡಿಲವಾಗುತ್ತದೆ. ಹೀಗೆಯೇ ಇದ್ದು, ಒಂದು ದಿನ ಮೆಟ್ಟಿಲು ಹತ್ತುವಾಗ ಕಾಲು ತೊಡರುತ್ತದೆ. ಚಪ್ಪಲಿ ಜಾರಿ ಬಿದ್ದದ್ದು ಗೊತ್ತಾಗುವುದಿಲ್ಲ. ಇದು ಬೆನ್ನುಮೂಳೆಯ ಕ್ಷಯ, ಅದರಿಂದ ಬೆನ್ನುಹುರಿಗೆ ಒದಗಿದ ಕೇಡು.

ಇಂಥ ಸಂದೇಹ ಬಂದಾಗ ವೈದ್ಯರು ಎರಡು ಬಗೆಯ ಪರೀಕ್ಷೆ ಬರೆದುಕೊಡುತ್ತಾರೆ. ಒಂದು ರಕ್ತದ ಪರೀಕ್ಷೆ, ಇನ್ನೊಂದು ಬೆನ್ನಿನ ಚಿತ್ರ. ಈಗ ವರದಿ ವೈದ್ಯರ ಕೈಗಿಂತ ಮೊದಲು ರೋಗಿಯ ಕೈಗೆ, ಇನ್ನೂ ಹೇಳುವುದಾದರೆ ರೋಗಿಯ ಮಗನ ದೂರವಾಣಿಗೆ, ಬಂದುಬಿಡುತ್ತದೆ. ಮಿತಿ ಮೀರಿದ ಅಂಕಿಯನ್ನು ದಪ್ಪಕ್ಷರದಲ್ಲಿ ಅಚ್ಚು ಮಾಡಿರುತ್ತಾರೆ. ಅದನ್ನು ಕಂಡು ಮನೆಮಂದಿಯೆಲ್ಲ ಹೆದರುವುದೂ ಉಂಟು. ದಪ್ಪಕ್ಷರ ಕಾಣದಿದ್ದರೆ 'ಏನೂ ಇಲ್ಲ' ಎಂದು ವೈದ್ಯರ ಹತ್ತಿರ ಹೋಗದೆಯೇ ಉಳಿಯುವುದೂ ಉಂಟು. ಎರಡೂ ಅಪಾಯವೇ, ಎರಡನೆಯದು ಹೆಚ್ಚಿನ ಅಪಾಯ. ಈ ಅಂಕಿಗೆ ಎಷ್ಟು ಬೆಲೆ, ಆ ಚಿತ್ರಕ್ಕೆ ಎಷ್ಟು ಬೆಲೆ ಎಂಬುದನ್ನು ಇಂದು ನಿಮ್ಮ ಮುಂದೆ ಬಿಡಿಸಿಡಬೇಕೆಂದಿದ್ದೇನೆ.

ಮೊದಲು ರೋಗ ಹುಟ್ಟುವ ಜಾಗವನ್ನು ನೋಡಬೇಕು. ಬೆನ್ನುಮೂಳೆ ಒಂದೇ ಕಂಬವಲ್ಲ, ಒಂದರ ಮೇಲೊಂದು ಕೂರಿಸಿದ ಮಣಿಗಳ ಸಾಲು. ಎರಡು ಮಣಿಗಳ ನಡುವೆ ಒಂದು ಮೆತ್ತೆ. ಡಿಸ್ಕ್ ಎಂದು ಈಗ ಎಲ್ಲರ ಬಾಯಲ್ಲಿರುವುದು ಅದೇ. ಮಣಿಗಳ ಹಿಂಭಾಗದಲ್ಲಿ ಕಾಲುವೆಯಂಥ ಹಾದಿ, ಅದರೊಳಗೆ ಕಿರುಬೆರಳ ಗಾತ್ರದ ಬೆನ್ನುಹುರಿ. ಮೆದುಳಿನ ಅಪ್ಪಣೆ ಕಾಲಿಗೆ ಇಳಿಯುವುದೂ, ಕಾಲಿನ ಸುದ್ದಿ ಮೆದುಳಿಗೆ ಏರುವುದೂ ಈ ಹುರಿಯ ಮೂಲಕವೇ. ಕ್ಷಯದ ರೋಗಾಣು ಉಸಿರಿನ ಜೊತೆ ಎದೆಗೆ ಇಳಿಯುತ್ತದೆ. ಅಲ್ಲಿಂದ ರಕ್ತದಲ್ಲಿ ತೇಲಿಕೊಂಡು ಬೆನ್ನುಮಣಿಗೆ ಬಂದು ನೆಲೆಸುತ್ತದೆ. ಎದೆಯಲ್ಲಿ ಅದು ಯಾವ ಗುರುತನ್ನೂ ಬಿಡದೆ ಹೋಗಿರಬಹುದು. ಆದುದರಿಂದ ಎದೆಯ ಎಕ್ಸರೇ ಶುದ್ಧವಾಗಿದ್ದ ಮಾತ್ರಕ್ಕೆ ಬೆನ್ನು ಶುದ್ಧವೆನ್ನುವಂತಿಲ್ಲ. ಅಕ್ಕಪಕ್ಕದ ಎರಡು ಮಣಿಗಳಿಗೆ ಒಂದೇ ರಕ್ತನಾಳ ಕವಲೊಡೆದು ರಕ್ತ ಹಂಚುತ್ತದೆ. ಆದ್ದರಿಂದ ರೋಗವು ಒಂದು ಮೆತ್ತೆಯ ಮೇಲಿನ ಮಣಿಯನ್ನೂ ಕೆಳಗಿನ ಮಣಿಯನ್ನೂ ಒಟ್ಟಿಗೆ ಹಿಡಿಯುವುದು ಸಾಮಾನ್ಯ. ಎಲುಬು ಕೀಲುಗಳಿಗೆ ಬರುವ ಕ್ಷಯದಲ್ಲಿ ಸುಮಾರು ಅರ್ಧದಷ್ಟು ಬೆನ್ನಿಗೇ ಬರುತ್ತದೆ.

ಇದು ಹೊಸ ಕಾಯಿಲೆಯೇನೂ ಅಲ್ಲ. ಈಜಿಪ್ಟಿನಲ್ಲಿ ಸುಮಾರು 3000 ವರ್ಷಗಳ ಹಿಂದೆ ತೀರಿಹೋದ ನೆಸ್ಪೆರೆಹಾನ್ ಎಂಬ ಅರ್ಚಕನ ಮಮ್ಮಿಯಲ್ಲಿ ಕುಸಿದ ಬೆನ್ನುಮಣಿಗಳನ್ನೂ, ಸೊಂಟದ ಸ್ನಾಯುವಿನ ಗುಂಟ ಇಳಿದ ಕೀವಿನ ಚೀಲವನ್ನೂ 1910ರಲ್ಲಿ ವಿದ್ವಾಂಸರು ಕಂಡು ಬರೆದಿದ್ದಾರೆ. ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1779ರಲ್ಲಿ ಗೂನುಬೆನ್ನಿಗೂ ಕಾಲಿನ ಸೋಲಿಗೂ ಇರುವ ನಂಟನ್ನು ವಿವರಿಸಿದ. ಇಂದಿಗೂ ಇದಕ್ಕೆ ಪಾಟನ ಕಾಯಿಲೆ ಎಂಬ ಹೆಸರಿದೆ. ರೋಗಾಣುವನ್ನು ರಾಬರ್ಟ್ ಕಾಕ್ ತೋರಿಸಿಕೊಟ್ಟದ್ದು 1882ರಲ್ಲಿ, ಅಂದರೆ ಪಾಟ್ ಬರೆದ ನೂರು ವರ್ಷಗಳ ಮೇಲೆ.

ಇನ್ನು ರಕ್ತದ ಮಾತು. ದೇಹದೊಳಗೆ ಎಲ್ಲಿಯಾದರೂ ರೋಗಾಣು ಹೊಕ್ಕರೆ, ಅಥವಾ ಪೆಟ್ಟು ಬಿದ್ದರೆ, ಅದನ್ನು ಎದುರಿಸಲು ದೇಹ ಏಳುತ್ತದೆ. ಈ ಏಳುವಿಕೆಗೆ ಉರಿಯೂತವೆಂದು ಹೆಸರು. ಉರಿಯೂತ ಎಲ್ಲಿಯೇ ಇರಲಿ, ಅದರ ಸುಳಿವು ರಕ್ತದಲ್ಲಿ ಕಾಣಿಸಿಕೊಳ್ಳುತ್ತದೆ. ಆ ಸುಳಿವು ಹಿಡಿಯುವ ಹಳೆಯ ಪರೀಕ್ಷೆ ಇ.ಎಸ್.ಆರ್., ಅಂದರೆ ರಕ್ತದ ಕೆಂಪು ಕಣಗಳು ತಳಕ್ಕೆ ಇಳಿಯುವ ವೇಗ.

ಇದನ್ನು ತಿಳಿಯಲು ನಮ್ಮ ಅಡಿಗೆಮನೆಯೇ ಸಾಕು. ಹಾಲುಬಾಯಿ ಮಾಡುವ ತಾಯಂದಿರು ನೆನೆಸಿದ ರಾಗಿಯನ್ನು ರುಬ್ಬಿ, ಬಟ್ಟೆಯಲ್ಲಿ ಸೋಸಿ, ಆ ಹಾಲನ್ನು ಪಾತ್ರೆಯಲ್ಲಿ ಅಲುಗಿಸದೆ ಇಡುವುದುಂಟಷ್ಟೆ. ಸ್ವಲ್ಪ ಹೊತ್ತಿಗೆ ಹಿಟ್ಟು ತಳ ಸೇರಿ ಮೇಲೆ ತಿಳಿನೀರು ನಿಲ್ಲುತ್ತದೆ. ರಕ್ತವೂ ಹಾಗೆಯೇ. ಹೆಪ್ಪುಗಟ್ಟದಂತೆ ಔಷಧ ಬೆರೆಸಿ, ಸಣ್ಣ ಗಾಜಿನ ಕೊಳವೆಯಲ್ಲಿ ನೆಟ್ಟಗೆ ನಿಲ್ಲಿಸಿ, ಒಂದು ಗಂಟೆಯ ಮೇಲೆ ತಿಳಿ ಎಷ್ಟು ಮಿಲಿಮೀಟರು ನಿಂತಿದೆ ಎಂದು ಅಳೆಯುತ್ತಾರೆ. ಕೆಂಪು ಕಣಗಳು ಸಹಜವಾಗಿ ಒಂದನ್ನೊಂದು ದೂರ ತಳ್ಳುತ್ತಿರುತ್ತವೆ, ಆದುದರಿಂದ ನಿಧಾನವಾಗಿ ಇಳಿಯುತ್ತವೆ. ಉರಿಯೂತವಿದ್ದಾಗ ರಕ್ತದಲ್ಲಿ ಫೈಬ್ರಿನೊಜೆನ್ ಎಂಬ ಸಸಾರಜನಕ ಹೆಚ್ಚುತ್ತದೆ. ಆಗ ಕಣಗಳು ನಾಣ್ಯಗಳ ಅಟ್ಟಿಯಂತೆ ಒಂದಕ್ಕೊಂದು ಅಂಟಿಕೊಂಡು, ಭಾರವಾಗಿ ಬೇಗನೆ ಇಳಿಯುತ್ತವೆ. ಪೋಲೆಂಡಿನ ಬಿಯರ್ನಾಟ್ಸ್ಕಿ 1897ರಲ್ಲಿಯೇ ಇದನ್ನು ಗಮನಿಸಿದ್ದ. ಸ್ವೀಡನ್ನಿನ ವೆಸ್ಟರ್ಗ್ರೆನ್ 1921ರಲ್ಲಿ ಈ ಅಳತೆಯ ಕ್ರಮವನ್ನು ಪ್ರಕಟಿಸಿದ್ದು ಎದೆಯ ಕ್ಷಯದ ರೋಗಿಗಳ ರಕ್ತವನ್ನು ಪರೀಕ್ಷಿಸುತ್ತಲೇ. ಕ್ಷಯಕ್ಕೂ ಈ ಕೊಳವೆಗೂ ಅಷ್ಟು ಹಳೆಯ ನೆಂಟತನ.

ಐವತ್ತು ವರ್ಷದೊಳಗಿನ ಗಂಡಸರಲ್ಲಿ ಗಂಟೆಗೆ 15 ಮಿಲಿಮೀಟರಿನವರೆಗೆ, ಹೆಂಗಸರಲ್ಲಿ 20ರವರೆಗೆ ಇದ್ದರೆ ಸಹಜವೆನ್ನುತ್ತೇವೆ. ವಯಸ್ಸಾದಂತೆ ಈ ಮಿತಿ ಸ್ವಲ್ಪ ಮೇಲಕ್ಕೆ ಸರಿಯುತ್ತದೆ. ಬೆನ್ನಿನ ಕ್ಷಯದಲ್ಲಿ ಹೆಚ್ಚಿನವರಿಗೆ ಇದು ಏರಿಯೇ ಇರುತ್ತದೆ. ಆದರೆ ಏರಿದ ಇ.ಎಸ್.ಆರ್. ಎಲ್ಲವೂ ಕ್ಷಯವಲ್ಲ. ಬಸುರಿಯಲ್ಲಿ ಅದು ಏರುತ್ತದೆ. ರಕ್ತಹೀನತೆಯಲ್ಲಿ ಏರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ಹೀಗಿರುವಾಗ ಬೆನ್ನುನೋವೆಂದು ಬಂದ ಹೆಣ್ಣುಮಗಳ ಇ.ಎಸ್.ಆರ್. 45 ಎಂದು ಬಂದರೆ, ಅದು ಬೆನ್ನಿನ ಸುದ್ದಿಯೋ, ಸೊಪ್ಪು ಕಾಳು ಸಾಲದ ಊಟದ ಸುದ್ದಿಯೋ, ಬರಿಯ ಅಂಕಿಯಿಂದ ಹೇಳಲಾಗದು. ವಯಸ್ಸಾದವರಲ್ಲಿ ಇ.ಎಸ್.ಆರ್. ನೂರನ್ನು ದಾಟಿ ಬೆನ್ನುನೋವೂ ಇದ್ದರೆ, ಕ್ಷಯದ ಜೊತೆಗೆ ಮೂಳೆಯ ಮಜ್ಜೆಯ ಅರ್ಬುದವನ್ನೂ ವೈದ್ಯರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ.

ಎರಡನೆಯ ಪರೀಕ್ಷೆ ಸಿ.ಆರ್.ಪಿ. ಇದು 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲ್ಲೆಟ್ ಮತ್ತು ಫ್ರಾನ್ಸಿಸ್ ಎಂಬವರು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಕಂಡ ವಸ್ತು. ಯಕೃತ್ತು ಇದನ್ನು ತಯಾರಿಸುತ್ತದೆ. ಉರಿಯೂತ ಶುರುವಾದ ಕೆಲವೇ ಗಂಟೆಗಳಲ್ಲಿ ಏರಿ, ಸುಮಾರು ಎರಡು ದಿನಕ್ಕೆ ತುದಿ ಮುಟ್ಟುತ್ತದೆ; ಕಾರಣ ತೊಲಗಿದರೆ ಅಷ್ಟೇ ಚುರುಕಾಗಿ ಇಳಿಯುತ್ತದೆ. ಇ.ಎಸ್.ಆರ್. ಹಾಗಲ್ಲ, ನಿಧಾನವಾಗಿ ಏರಿ, ವಾರಗಟ್ಟಲೆ ತಿಂಗಳುಗಟ್ಟಲೆ ಅಲ್ಲೇ ಕುಳಿತಿರುತ್ತದೆ. ಕೀವು ಮಾಡುವ ಇತರ ರೋಗಾಣುಗಳು ಬೆನ್ನಿಗೆ ಹತ್ತಿದಾಗ ಸಿ.ಆರ್.ಪಿ. ಬಹಳ ಮೇಲಕ್ಕೆ ಹಾರುವುದು ಹೆಚ್ಚು. ಕ್ಷಯದಲ್ಲಿ ಅದು ಸಾಧಾರಣವಾಗಿ ಏರಿರಬಹುದು, ಕೆಲವರಲ್ಲಿ ಏರದೆಯೂ ಇರಬಹುದು. ಕ್ಷಯದ ರೋಗಾಣು ಆತುರದ ಪ್ರಾಣಿಯಲ್ಲ. ಅದು ಉಂಟುಮಾಡುವ ಬಾವು ಕೂಡ ಮುಟ್ಟಿದರೆ ಬಿಸಿಯಿಲ್ಲದ ತಣ್ಣನೆಯ ಬಾವು. ಇಲ್ಲಿ ಒಂದು ಸಣ್ಣ ಮಾತು: ಸಿ.ಆರ್.ಪಿ.ಯನ್ನು ಕೆಲವು ಪ್ರಯೋಗಶಾಲೆಗಳು ಲೀಟರಿನ ಲೆಕ್ಕದಲ್ಲಿ, ಕೆಲವು ಡೆಸಿಲೀಟರಿನ ಲೆಕ್ಕದಲ್ಲಿ ಬರೆಯುತ್ತವೆ. ಒಂದಕ್ಕೂ ಇನ್ನೊಂದಕ್ಕೂ ಹತ್ತು ಪಟ್ಟು ವ್ಯತ್ಯಾಸ. ಹೋದ ತಿಂಗಳು 3 ಇತ್ತು, ಈಗ 30 ಆಯಿತೆಂದು ಎದೆ ಒಡೆದುಕೊಳ್ಳುವ ಮೊದಲು ಅಂಕಿಯ ಪಕ್ಕದಲ್ಲಿ ಬರೆದ ಮಾನವನ್ನು ನೋಡಿ. ಎರಡೂ ಒಂದೇ ಇರಬಹುದು!

ಇನ್ನೊಂದು ಎಚ್ಚರಿಕೆಯೂ ಬೇಕು. ಬೆನ್ನುನೋವಿಗೆಂದು ಎಲ್ಲಿಯೋ ಕೊಟ್ಟ ಸ್ಟೀರಾಯ್ಡ್ ಗುಳಿಗೆಯನ್ನು ನುಂಗುತ್ತಿದ್ದರೆ ಸಿ.ಆರ್.ಪಿ. ತಾನಾಗಿಯೇ ತಗ್ಗುತ್ತದೆ, ರೋಗ ತಗ್ಗಿರುವುದಿಲ್ಲ. ಲಿವೊಫ್ಲಾಕ್ಸಸಿನ್‌ನಂಥ ಗುಳಿಗೆಗಳು ಕ್ಷಯದ ರೋಗಾಣುವನ್ನು ಅರೆಬರೆ ಹೊಡೆದು, ಜ್ವರ ಇಳಿಸಿ, ನಿಜವಾದ ರೋಗವನ್ನು ಮುಸುಕು ಹಾಕಿ ಕೂರಿಸುತ್ತವೆ. ವೈದ್ಯರ ಬಳಿ ಹೋದಾಗ ಏನೇನು ನುಂಗಿದ್ದೀರೆಂಬುದನ್ನು ಸಂಕೋಚವಿಲ್ಲದೆ ಹೇಳಿಬಿಡಬೇಕು.

ಹೀಗೆ ರಕ್ತವು 'ಎಲ್ಲಿಯೋ ಹೊಗೆಯಾಡುತ್ತಿದೆ' ಎಂದು ಹೇಳೀತು. ಯಾವ ಕೋಣೆಯಲ್ಲಿ ಎಂದು ಹೇಳಲಾರದು. ಅದನ್ನು ಹೇಳುವ ಕೆಲಸ ಚಿತ್ರದ್ದು.

ಮೊದಲಿನಿಂದ ಇರುವುದು ಎಕ್ಸರೇ. ಮಣಿಯ ಅಂಚು ತೇದಿರುವುದು, ಎರಡು ಮಣಿಗಳ ನಡುವಿನ ಸಂದು ಕಿರಿದಾದದ್ದು, ಬೆನ್ನಿನ ಎರಡು ಪಕ್ಕಕ್ಕೂ ಕೀವಿನ ನೆರಳು ಉಬ್ಬಿರುವುದು, ಮುಂಭಾಗ ಕುಸಿದು ಬೆನ್ನು ಬಾಗಿದ್ದು, ಇವೆಲ್ಲ ಅದರಲ್ಲಿ ಕಾಣುತ್ತವೆ. ಆದರೆ ಮೂಳೆಯ ಸುಣ್ಣದ ಅಂಶದಲ್ಲಿ ನೂರಕ್ಕೆ 30ರಿಂದ 50ರಷ್ಟು ಕರಗಿಹೋದ ಮೇಲೆಯೇ ಎಕ್ಸರೇಗೆ ಕಣ್ಣು ತೆರೆಯುವುದು. ಆ ವೇಳೆಗೆ ರೋಗ ಹಳೆಯ ಒಕ್ಕಲಾಗಿರುತ್ತದೆ. ಆದುದರಿಂದ 'ಎಕ್ಸರೇಯಲ್ಲಿ ಏನೂ ಇಲ್ಲವಂತೆ' ಎಂಬ ಮಾತು ಮೊದಲ ತಿಂಗಳುಗಳಲ್ಲಿ ಅಷ್ಟಾಗಿ ನಂಬತಕ್ಕದ್ದಲ್ಲ.

ಎಂ.ಆರ್.ಐ. ಬಂದ ಮೇಲೆ ಕಥೆ ಬದಲಾಯಿತು. ಇದರಲ್ಲಿ ಎಕ್ಸರೇ ಕಿರಣವೇ ಇಲ್ಲ. ಬಲವಾದ ಕಾಂತ ಮತ್ತು ರೇಡಿಯೋ ಅಲೆಗಳಿಂದ ದೇಹದೊಳಗಿನ ನೀರಿನ ಅಂಶ ಸದ್ದು ಮಾಡುವಂತೆ ಮಾಡಿ ಅದನ್ನು ಚಿತ್ರವಾಗಿಸುತ್ತಾರೆ. ನಮ್ಮ ರೇಡಿಯೋದ ಅಲೆಗಳ ಜಾತಿಯವೇ ಆದ ಅಲೆಗಳು ಎಂದು ತಿಳಿದರೆ ನಿಮಗೆ ಸಂತೋಷವಾದೀತು. ಯಂತ್ರದೊಳಗೆ ಅರ್ಧ ಮುಕ್ಕಾಲು ಗಂಟೆ ಅಲುಗದೆ ಮಲಗಬೇಕು. ತಗಡಿನ ಮೇಲೆ ಸುತ್ತಿಗೆ ಬಡಿದಂತೆ ಶಬ್ದ. ಅದನ್ನು ಬಿಟ್ಟರೆ ನೋವಿಲ್ಲ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಮೊದಲೇ ತಿಳಿಸಬೇಕು.

ಕ್ಷಯ ಹಿಡಿದ ಮಣಿಯ ಮಜ್ಜೆಯಲ್ಲಿ ಮೊಟ್ಟಮೊದಲು ಸೇರುವುದು ನೀರು. ಸಹಜವಾದ ಮಜ್ಜೆಯ ಕೊಬ್ಬು ಒಂದು ಬಗೆಯ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ನೀರು ಸೇರಿದಾಗ ಆ ಜಾಗ ಕಪ್ಪಾಗುತ್ತದೆ. ಇನ್ನೊಂದು ಬಗೆಯ ಚಿತ್ರದಲ್ಲಿ ಅದೇ ಜಾಗ ಬೆಳಗುತ್ತದೆ. ಮೂಳೆ ಇನ್ನೂ ಕರಗದಿರುವಾಗಲೇ ಇದು ಕಾಣುವುದರಿಂದಲೇ ಎಂ.ಆರ್.ಐ.ಗೆ ಇಷ್ಟು ಬೆಲೆ. ಕ್ಷಯದ ನಡೆಗೆ ಕೆಲವು ಗುರುತುಗಳೂ ಉಂಟು. ಕೀವು ಮಾಡುವ ಇತರ ರೋಗಾಣುಗಳಿಗೆ ಸಸಾರಜನಕವನ್ನು ಕರಗಿಸುವ ರಸವಿದ್ದು, ಅವು ಮೆತ್ತೆಯನ್ನು ಮೊದಲೇ ತಿಂದುಹಾಕುತ್ತವೆ. ಕ್ಷಯದ ರೋಗಾಣುವಿಗೆ ಆ ರಸವಿಲ್ಲ, ಆದುದರಿಂದ ಮೆತ್ತೆ ಸ್ವಲ್ಪ ಕಾಲ ಉಳಿದುಕೊಂಡಿರುತ್ತದೆ. ಮಣಿಗಳ ಮುಂದಿನ ಪಟ್ಟಿಯ ಕೆಳಗೆ ಕೀವು ನುಸುಳಿ ನಾಲ್ಕಾರು ಮಣಿಗಳುದ್ದ ಹರಿಯುತ್ತದೆ. ಕೀವಿನ ಚೀಲದ ಗೋಡೆ ತೆಳ್ಳಗೆ, ನುಣುಪಾಗಿರುತ್ತದೆ. ಸೊಂಟದ ಸ್ನಾಯುವಿನೊಳಗೆ ಇಳಿದ ಕೀವು ತೊಡೆಸಂದಿನಲ್ಲಿ ಗಂಟಾಗಿ ತಲೆಯೆತ್ತುವುದೂ ಉಂಟು. ನೋಡಿದವರು ಅದನ್ನು ಬೇರೆಯೇ ರೋಗವೆಂದು ತಿಳಿಯುತ್ತಾರೆ. ರೋಗ ಕೆಲವೊಮ್ಮೆ ನಡುವೆ ಹಲವು ಮಣಿಗಳನ್ನು ಬಿಟ್ಟು ದೂರದಲ್ಲಿ ಇನ್ನೊಂದು ಕಡೆಯೂ ಇರುತ್ತದೆ. ಆದುದರಿಂದಲೇ ನೋವಿರುವ ಜಾಗವನ್ನಷ್ಟೇ ಅಲ್ಲದೆ ಇಡೀ ಬೆನ್ನನ್ನು ಚಿತ್ರಿಸಲು ವೈದ್ಯರು ಹೇಳುವುದು. ಅದು ಹಣ ಕೀಳುವ ಉಪಾಯವೆಂದು ಭಾವಿಸಬಾರದು. ಸಿ.ಟಿ. ಚಿತ್ರಕ್ಕೆ ಬೇರೆ ಉಪಯೋಗ: ಮೂಳೆ ಎಷ್ಟು ಪುಡಿಯಾಗಿದೆ, ಕೀವಿನಲ್ಲಿ ಸುಣ್ಣದ ಚೂರು ಇದೆಯೇ ಎಂದು ಅದು ಚೆನ್ನಾಗಿ ತೋರಿಸುತ್ತದೆ.

ಬೆನ್ನುಹುರಿಯ ಸ್ಥಿತಿಯನ್ನು ತೋರಿಸಬಲ್ಲದ್ದೂ ಎಂ.ಆರ್.ಐ.ಯೇ. ಎದೆಯ ಹಿಂಭಾಗದಲ್ಲಿ ಕಾಲುವೆ ಕಿರಿದು, ಹುರಿಗೆ ಸರಿದುಕೊಳ್ಳಲು ಎಡೆಯಿಲ್ಲ. ಅಲ್ಲಿ ಹುರಿಯನ್ನು ಒತ್ತುತ್ತಿರುವುದು ತೆಳ್ಳನೆಯ ಕೀವೋ, ಗಟ್ಟಿಯಾದ ಅಂಗಾಂಶವೋ, ಕುಸಿದ ಮೂಳೆಯ ಚೂರೋ ಎಂಬುದು ಚಿತ್ರದಿಂದ ತಿಳಿಯುತ್ತದೆ. ಕೀವಾದರೆ ಔಷಧದಿಂದಲೇ ಒತ್ತಡ ಇಳಿಯುವ ಭರವಸೆ ಹೆಚ್ಚು. ಮೂಳೆಯಾದರೆ ಶಸ್ತ್ರಕ್ರಿಯೆಯ ಮಾತು ಬರುತ್ತದೆ. ಅಪರೂಪಕ್ಕೆ, ಮೂಳೆ ನೆಟ್ಟಗಿದ್ದು ಹುರಿಯ ಒಳಗೇ ಕ್ಷಯದ ಗಂಟು ಬೆಳೆಯುವುದುಂಟು. ಇಲ್ಲವೇ ಹುರಿಯ ಸುತ್ತಲಿನ ಪೊರೆ ದಪ್ಪವಾಗಿ ನರಗಳೆಲ್ಲ ಒಂದಕ್ಕೊಂದು ಅಂಟಿಕೊಳ್ಳುವುದುಂಟು. ಗಂಟು ಚಿತ್ರದಲ್ಲಿ ಉಂಗುರದಂತೆ ಬೆಳಗುತ್ತದೆ. ಸಣ್ಣ ಗಂಟಾದರೆ ಸುತ್ತುತ್ತಿರುವ ರಕ್ತಕ್ಕೆ ಅದರ ಸುದ್ದಿಯೇ ಮುಟ್ಟದಿರಬಹುದು. ಇ.ಎಸ್.ಆರ್. ಸಹಜ, ಸಿ.ಆರ್.ಪಿ. ಸಹಜ, ಕಾಲು ಮಾತ್ರ ಸೋಲುತ್ತಿದೆ! ಇಂಥಲ್ಲಿ ಅಂಕಿಯನ್ನು ನಂಬಿ ಕುಳಿತವರು ಕಾಲನ್ನು ಕಳೆದುಕೊಂಡಾರು.

ಹಾಗಾದರೆ ಚಿತ್ರವೇ ಕೊನೆಯ ಮಾತೋ? ಅದೂ ಅಲ್ಲ. ಹಸಿ ಹಾಲಿನಿಂದಲೂ ದನ ಕುರಿಗಳ ಸಂಗದಿಂದಲೂ ಬರುವ ಬ್ರುಸೆಲ್ಲಾ ಜ್ವರ ಬೆನ್ನಿನಲ್ಲಿ ಇಂಥದೇ ಚಿತ್ರವನ್ನು ಬರೆಯಬಲ್ಲದು. ಅರ್ಬುದವೂ ಒಮ್ಮೊಮ್ಮೆ ವೇಷ ಹಾಕುತ್ತದೆ. ಆದುದರಿಂದ ಸಾಧ್ಯವಿರುವ ಕಡೆ ಸಿ.ಟಿ. ನೋಡಿಕೊಂಡು ಸೂಜಿ ಹಾಕಿ, ರೋಗದ ಜಾಗದಿಂದಲೇ ಚೂರು ತೆಗೆದು ಪರೀಕ್ಷಿಸಬೇಕು. ಹಿಂದೆ ರೋಗಾಣುವನ್ನು ಬೆಳೆಸಿ ನೋಡಲು ವಾರಗಟ್ಟಲೆ ಕಾಯಬೇಕಾಗಿತ್ತು; ಈಗ ಸಿ.ಬಿ.ನ್ಯಾಟ್, ಟ್ರೂನ್ಯಾಟ್ ಎಂಬ ಪರೀಕ್ಷೆಗಳು ಕೆಲವೇ ಗಂಟೆಗಳಲ್ಲಿ ರೋಗಾಣುವನ್ನು ಗುರುತಿಸಿ, ರಿಫಾಂಪಿಸಿನ್ ಅದಕ್ಕೆ ನಾಟುತ್ತದೆಯೋ ಇಲ್ಲವೋ ಎಂಬುದನ್ನೂ ಹೇಳುತ್ತವೆ. ಮೂಳೆಯಲ್ಲಿ ರೋಗಾಣುಗಳ ಸಂಖ್ಯೆ ಕಡಿಮೆ, ಆದುದರಿಂದ 'ಸಿಕ್ಕಲಿಲ್ಲ' ಎಂಬ ಉತ್ತರವೂ ಬಂದೀತು. ಬೆಳೆಸುವ ಪರೀಕ್ಷೆಯನ್ನು ಜೊತೆಗೇ ಮಾಡುವುದು ಅದಕ್ಕಾಗಿಯೇ. ಬೆನ್ನಿಗೆ ಸೂಜಿ ಎಂದೊಡನೆ ನಮ್ಮ ಜನ ಹಿಂಜರಿಯುತ್ತಾರೆ, 'ಬೆನ್ನಿಗೆ ಚುಚ್ಚಿದರೆ ಕಾಲು ಹೋಗುತ್ತದಂತೆ' ಎಂಬ ಮಾತು ಮನೆಯಿಂದ ಮನೆಗೆ ಓಡಾಡುತ್ತದೆ. ಚಿತ್ರ ನೋಡಿಕೊಂಡು ಹಾಕುವ ಸೂಜಿ ಹುರಿಯ ಹಾದಿಯನ್ನು ತಪ್ಪಿಸಿಯೇ ಹೋಗುತ್ತದೆ. ಕಾಲು ಕಳೆಯುವುದು ಸೂಜಿಗಿಂತ ಹೆಚ್ಚಾಗಿ ತಡದಿಂದ.

ಔಷಧದ ವಿಚಾರವನ್ನು ಬೇಗ ಮುಗಿಸುತ್ತೇನೆ. ಐಸೋನಯಜಿಡ್, ರಿಫಾಂಪಿಸಿನ್, ಪೈರಜಿನಮೈಡ್, ಎಥಾಂಬುಟಾಲ್ ಎಂಬ ನಾಲ್ಕು ಗುಳಿಗೆಗಳಿಂದ ಆರಂಭಿಸಿ, ಎರಡು ತಿಂಗಳ ಮೇಲೆ ಒಂದನ್ನು ಬಿಟ್ಟು, ಬೆನ್ನಿನ ಕ್ಷಯಕ್ಕೆ ನಮ್ಮ ದೇಶದಲ್ಲಿ ಒಟ್ಟು ಹನ್ನೆರಡು ತಿಂಗಳು ಕೊಡುತ್ತಾರೆ; ಅಗತ್ಯವಿದ್ದರೆ ಇನ್ನೂ ಮುಂದುವರಿಸುತ್ತಾರೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಅದು ರಿಫಾಂಪಿಸಿನ್ನಿನ ಬಣ್ಣ, ರಕ್ತವಲ್ಲ. ಗುಳಿಗೆಗಳು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದುದನ್ನು 2024ರ ನವೆಂಬರಿನಿಂದ 1000ಕ್ಕೆ ಏರಿಸಿದ್ದಾರೆ. ಹಿಂದೆ ಈ ರೋಗಿಗಳನ್ನು ತಿಂಗಳುಗಟ್ಟಲೆ ಗಾರೆಪಟ್ಟಿಯ ಹಾಸಿಗೆಯಲ್ಲಿ ಕಟ್ಟಿಹಾಕುತ್ತಿದ್ದರು. 1960ರ ದಶಕದಲ್ಲಿ ಕೊರಿಯಾದ ಮಸಾನ್, ಪುಸಾನ್ ಊರುಗಳಲ್ಲಿ ನಡೆಸಿದ ಪ್ರಯೋಗಗಳು, ಔಷಧ ಸರಿಯಾಗಿ ನಡೆದರೆ ಆ ಬಂಧನದಿಂದ ಹೆಚ್ಚಿನ ಲಾಭವಿಲ್ಲವೆಂದು ತೋರಿಸಿಕೊಟ್ಟವು. ನಮ್ಮ ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರ್ ತುಲಿಯವರು ಎಲ್ಲರಿಗೂ ಕತ್ತರಿಯೂ ಬೇಡ, ಯಾರಿಗೂ ಕತ್ತರಿ ಬೇಡವೆಂಬ ಹಟವೂ ಬೇಡ ಎಂಬ ನಡುಹಾದಿಯನ್ನು ಹಾಕಿಕೊಟ್ಟರು. ಕಾಲಿನ ಬಲ ದಿನದಿನಕ್ಕೆ ಕುಂದುತ್ತಿದ್ದರೆ, ಮೂತ್ರದ ಹಿಡಿತ ತಪ್ಪಿದರೆ, ಬೆನ್ನು ನಿಲ್ಲದೆ ಕುಸಿಯುತ್ತಿದ್ದರೆ, ಆಗ ಶಸ್ತ್ರಕ್ರಿಯೆಗೆ ತಡಮಾಡುವಂತಿಲ್ಲ. ಸಕಾಲದಲ್ಲಿ ಚಿಕಿತ್ಸೆ ಸಿಕ್ಕಿದರೆ ಸೋತ ಕಾಲು ಮತ್ತೆ ನೆಲಕ್ಕೆ ಊರುವುದು ಈ ರೋಗದಲ್ಲಿ ಸಾಮಾನ್ಯವಾಗಿಯೇ ಕಾಣುತ್ತದೆ. ಪಾರ್ಶ್ವವಾಯುವಿನ ಎಲ್ಲ ಬಗೆಗಳಿಗೂ ಈ ಮಾತು ಹೇಳಲಾಗದು.

ಮನೆಯವರಿಗೆ ಒಂದು ಮಾತು. ಬೆನ್ನಿನಲ್ಲಿ ಮಾತ್ರ ಕ್ಷಯವಿದ್ದು ಎದೆಯಲ್ಲಿ ಇಲ್ಲದವರು ಕೆಮ್ಮಿನಿಂದ ಯಾರಿಗೂ ಅದನ್ನು ಹಂಚುವುದಿಲ್ಲ. ಬೇರೆ ತಟ್ಟೆ, ಬೇರೆ ಲೋಟ, ಹಜಾರದ ಮೂಲೆಯಲ್ಲಿ ಬೇರೆ ಹಾಸಿಗೆ, ಇವು ಯಾವುವೂ ಬೇಡ. ಮದುವೆಯ ವಯಸ್ಸಿನ ಹುಡುಗಿಯೆಂದು ರೋಗವನ್ನು ಮುಚ್ಚಿಟ್ಟು ಔಷಧವನ್ನು ಅರ್ಧಕ್ಕೆ ನಿಲ್ಲಿಸುವುದಂತೂ ಆ ಹುಡುಗಿಗೆ ಮಾಡುವ ದ್ರೋಹ.

ಚಿಕಿತ್ಸೆ ನಡೆಯುವಾಗ ಈ ಎರಡು ಪರೀಕ್ಷೆಗಳು ಮತ್ತೆ ಬರುತ್ತವೆ, ಬೇರೆ ಕೆಲಸಕ್ಕೆ. ಔಷಧ ನಾಟಿದರೆ ಮೊದಲು ನೋವು ಇಳಿಯುತ್ತದೆ, ಹಸಿವು ಹುಟ್ಟುತ್ತದೆ, ತೂಕ ಏರುತ್ತದೆ, ಸಿ.ಆರ್.ಪಿ. ಕೆಲವು ವಾರಗಳಲ್ಲಿ ಇಳಿಯುತ್ತದೆ, ಇ.ಎಸ್.ಆರ್. ತನ್ನ ಗತಿಯಲ್ಲಿ ನಿಧಾನವಾಗಿ. ಎಲ್ಲಕ್ಕಿಂತ ಹಿಂದೆ ಬೀಳುವುದು ಚಿತ್ರ. ಮೊದಲ ಕೆಲವು ತಿಂಗಳಲ್ಲಿ, ರೋಗಿ ಸುಧಾರಿಸುತ್ತಿರುವಾಗಲೇ, ಚಿತ್ರದಲ್ಲಿ ಕೀವು ಹೆಚ್ಚಿದಂತೆ ಕಂಡೀತು. ಸಾಯುತ್ತಿರುವ ರೋಗಾಣುಗಳ ಮೇಲೆ ದೇಹ ಮಾಡುವ ಗಲಾಟೆ ಅದು. ಅಷ್ಟರಿಂದಲೇ ಔಷಧ ಸೋತಿತೆಂದು ಬದಲಿಸುವುದು ಸರಿಯಲ್ಲ. ಅದಕ್ಕೆ ವಿರುದ್ಧವಾಗಿ, ಮೂರು ನಾಲ್ಕು ತಿಂಗಳು ತಪ್ಪದೆ ಗುಳಿಗೆ ನುಂಗಿದ ಮೇಲೂ ನೋವು ಹೆಚ್ಚುತ್ತ, ಅಂಕಿ ಏರುತ್ತ, ಚಿತ್ರವೂ ಕೆಡುತ್ತ ಬಂದರೆ, ರೋಗಾಣು ಔಷಧಕ್ಕೆ ಬಗ್ಗದ ಜಾತಿಯದೆಂದು ಶಂಕಿಸಿ ಮತ್ತೆ ಚೂರು ತೆಗೆದು ನೋಡಬೇಕಾಗುತ್ತದೆ. ಇನ್ನು ಐದನೆಯ ತಿಂಗಳಿಗೆ ಇ.ಎಸ್.ಆರ್. ಸಹಜವಾಯಿತೆಂದು ಗುಳಿಗೆ ನಿಲ್ಲಿಸುವವರಿದ್ದಾರೆ. ಅಂಕಿ ಇಳಿದದ್ದು ಔಷಧ ಕೆಲಸ ಮಾಡುತ್ತಿರುವುದರ ಗುರುತು, ಕೆಲಸ ಮುಗಿದದ್ದರ ಗುರುತಲ್ಲ.

ಮಣಿ ವಾಸಿಯಾದಾಗ ಮಜ್ಜೆಯಿಂದ ನೀರು ಹಿಂಗಿ ಮತ್ತೆ ಕೊಬ್ಬು ತುಂಬಿಕೊಳ್ಳುತ್ತದೆ. ಮೊದಲ ಬಗೆಯ ಚಿತ್ರದಲ್ಲಿ ಕಪ್ಪಾಗಿದ್ದ ಜಾಗ ತಿರುಗಿ ಬೆಳ್ಳಗಾಗುತ್ತದೆ. ಇದು ಗೊತ್ತಾಗಬೇಕಾದರೆ ಹಳೆಯ ಚಿತ್ರದ ಪಕ್ಕದಲ್ಲಿ ಹೊಸ ಚಿತ್ರವನ್ನು ಇಟ್ಟು ನೋಡಬೇಕು. ಆದುದರಿಂದ ಮೊದಲ ಎಂ.ಆರ್.ಐ. ಫಿಲ್ಮನ್ನು ಮಡಿಸದೆ, ಬಿಸಿಲಿಗೆ ಇಡದೆ ಜೋಪಾನ ಮಾಡಿ. ಜೊತೆಗೆ ಕೊಟ್ಟ ಸಿ.ಡಿ.ಯನ್ನೂ, ರಕ್ತದ ವರದಿಗಳನ್ನೂ ತಾರೀಖಿನ ಕ್ರಮದಲ್ಲಿ ಒಂದೇ ಚೀಲದಲ್ಲಿ ಇಟ್ಟುಕೊಳ್ಳಿ. ಔಷಧ ಮುಗಿದ ಮೇಲೆ ಎರಡು ವರ್ಷವಾದರೂ ಆರಾರು ತಿಂಗಳಿಗೆ ತೋರಿಸಬೇಕು. ಮಕ್ಕಳಾದರೆ ರೋಗ ವಾಸಿಯಾದ ಮೇಲೂ ಬೆಳೆಯುತ್ತ ಬೆಳೆಯುತ್ತ ಬೆನ್ನು ಬಾಗಬಹುದು. ಅವರನ್ನು ಬೆಳವಣಿಗೆ ನಿಲ್ಲುವವರೆಗೂ ವರ್ಷಕ್ಕೊಮ್ಮೆ, ಅದೇ ಚೀಲದ ಸಮೇತ, ಕರೆತನ್ನಿ.